ಹಾಲಿನಲ್ಲಿ ಕೈ ಅದ್ದಿದ ಮಳೆಗಾಲ

ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎಂದು ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಐದಾರು ವರ್ಷ ಅದೇ ತಂಬಾಕಿನ ಗಿಡ ಬೆಳೆಸಿ, ಅದರೊಳಗೇ ಕ್ಯಾನ್ಸರಿಗೆ ಮದ್ದು ಹುಡುಕಿದವಳು ನಾನು. ಈ ಮಾತು ಹೇಳಿದರೆ ಮದುವೆಮನೆಗಳಲ್ಲಿ ಇವತ್ತಿಗೂ ಜನ ನಗುತ್ತಾರೆ. ನಗಲಿ ಬಿಡಿ, ನಕ್ಕವರಿಗೆಲ್ಲ ಉತ್ತರ ಕೊಡುತ್ತ ಕೂತಿದ್ದರೆ ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆಯುತ್ತಿತ್ತು.

ಹೋದ ತಿಂಗಳು ಪುಣೆಗೆ ಹೋದಾಗ ರವಿವಾರ ಪೇಟೆಯ ಹಳೆಯ ಓಣಿಗೆ ಹೋಗಿದ್ದೆ. ಅಪ್ಪನ ಬಟ್ಟೆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಆದರೆ ಎರಡು ಬಾಗಿಲು ಆಚೆಗಿನ ನಶ್ಯದ ಅಂಗಡಿ ಹಾಗೇ ಇದೆ. ಮುದುಕ ಹೋಗಿ ಅವನ ಸೊಸೆ ಕೂತಿದ್ದಾಳೆ, ಅಷ್ಟೇ ವ್ಯತ್ಯಾಸ. ಆಕೆ ಡಬ್ಬಿಯ ಮುಚ್ಚಳ ತೆಗೆದಳು, ಆ ಘಾಟು ನೇರ ಮೂಗಿಗೆ ಬಡಿಯಿತು, ರಸ್ತೆಯಲ್ಲೇ ನಿಂತು ಮೂರು ಸಲ ಸೀನಿದೆ. ಮೂರನೇ ಸೀನಿನ ಹೊತ್ತಿಗೆ ಆ ಮಳೆಗಾಲ ಪೂರ್ತಿ ನೆನಪಾಯಿತು.

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ಹಿಂಜವಾಡಿಯ ಹೊಲಗಳಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಕಂಪ್ಯೂಟರ್ ಕ್ಲಾಸಿಗೆ ಸೇರುತ್ತಿದ್ದಾಗ ನಾನು ಊರ ಹೊರಗಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್.ಡಿ.ಯ ಮೂರನೇ ವರ್ಷದಲ್ಲಿದ್ದೆ. ಬಾಗಲಕೋಟೆಯಿಂದ ಬಂದು ಪುಣೆಯಲ್ಲಿ ಅಂಗಡಿ ಇಟ್ಟ ಮನೆತನ ನಮ್ಮದು. ಮಗಳು ಏನು ಓದುತ್ತಿದ್ದಾಳೆ ಎಂದು ಗಿರಾಕಿಗಳು ಕೇಳಿದರೆ ಅಪ್ಪ, ಗಿಡದ ರೋಗ ಹಿಡಿದು ಮನುಷ್ಯರ ರೋಗ ವಾಸಿ ಮಾಡ್ತಾಳ ಎಂದು ಹೇಳಿ ಬೇಗ ಮಾತು ಬದಲಿಸುತ್ತಿದ್ದರು. ತಮಾಷೆಯೆಂದರೆ, ಅಪ್ಪ ಹೇಳುತ್ತಿದ್ದುದು ಸರಿಯಾಗಿಯೇ ಇತ್ತು.

ತಂಬಾಕಿನ ಗಿಡಕ್ಕೆ ಒಂದು ವೈರಸ್ ಬರುತ್ತದೆ. ಎಲೆಯ ಮೇಲೆ ಹಸಿರು, ಹಳದಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಮನುಷ್ಯರಿಗೆ ಅದರಿಂದ ಯಾವ ರೋಗವೂ ಬರುವುದಿಲ್ಲ. ಆದರೆ ಅದನ್ನು ಮೈಗೆ ಚುಚ್ಚಿದರೆ ಮೈ ಸುಮ್ಮನಿರುವುದಿಲ್ಲ, ಮನೆಗೆ ಯಾರೋ ಹೊರಗಿನವರು ನುಗ್ಗಿದರೆಂದು ಎದ್ದು ಕೂರುತ್ತದೆ. ಕ್ಯಾನ್ಸರಿನ ಕಷ್ಟ ಇರುವುದೇ ಇಲ್ಲಿ. ಗಡ್ಡೆ ನಮ್ಮದೇ ಮೈಯ ಜೀವಕೋಶದ್ದು, ಮನೆಮಂದಿಯ ಪೈಕಿ. ಅದರ ಮೇಲೆ ಮೈ ಕೈಯೆತ್ತುವುದಿಲ್ಲ. ಹಾಗಾಗಿ ಗಡ್ಡೆಯ ಗುರುತಿನ ಒಂದು ಚೂರನ್ನು ಗಿಡದ ವೈರಸ್ಸಿನ ಹೊರಮೈಗೆ ಸೇರಿಸಿ, ಆ ವೈರಸ್ಸನ್ನು ತಂಬಾಕಿನ ಎಲೆಗಳಲ್ಲಿ ಬೆಳೆಸಿ, ಸೋಸಿ ಇಲಿಗಳಿಗೆ ಚುಚ್ಚಬೇಕು. ಎದ್ದು ಕೂತ ಮೈ ಹೊರಗಿನವನ ಜೊತೆಗೆ ಆ ಗುರುತನ್ನೂ ಕಲಿಯಬೇಕು, ಆಮೇಲೆ ಗಡ್ಡೆಯ ಮೇಲೆ ಏರಿ ಹೋಗಬೇಕು. ಇದು ನಮ್ಮ ಲೆಕ್ಕಾಚಾರ. ದೇಶದ ಹೊರಗೆ ಕೆಲವರು ಆಗಲೇ ಇಂಥದ್ದಕ್ಕೆ ಕೈಹಾಕಿದ್ದರು. ನಮ್ಮಲ್ಲಿ ಕೈಹಾಕಿದ್ದು ನನ್ನ ಗೈಡ್ ಒಬ್ಬರೇ. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು. ಮರಾಠಿಯವರು, ಮಿತಭಾಷಿ, ಹಟಮಾರಿ. ಈ ಯೋಜನೆಗೆ ಒಪ್ಪಿಗೆ ಪಡೆಯಲು ನಾಲ್ಕು ವರ್ಷ ದಿಲ್ಲಿಗೆ ಅಲೆದಿದ್ದರು.

ಸಂಸ್ಥೆಯ ಹಿಂದೆ ನಮ್ಮ ಹಸಿರುಮನೆ ಇತ್ತು. ಮೇಲೆ ಗಾಜು, ಒಳಗೆ ಸಾಲಾಗಿ ಕುಂಡಗಳು. ಜೂನ್ ಕಳೆಯುವಷ್ಟರಲ್ಲಿ ಮಳೆ ಹಿಡಿದು, ಗಾಜಿನ ಮೇಲೆ ಹಗಲೆಲ್ಲ ಸದ್ದು, ಒಳಗೆ ಸೆಕೆ, ನೆಲಕ್ಕೆಲ್ಲ ಪಾಚಿ. ಬಾಗಿಲ ಹೊರಗೆ ಎರಡು ಬೋಗುಣಿ ಇಟ್ಟಿರುತ್ತಿದ್ದೆವು. ಒಂದರಲ್ಲಿ ಸಾಬೂನಿನ ನೀರು, ಇನ್ನೊಂದರಲ್ಲಿ ಹಾಲಿನ ಪುಡಿ ಕಲಸಿದ ಹಾಲು. ತಂಬಾಕು ಬಳಸುವವರ ಬೆರಳುಗಳಲ್ಲಿ ಅದೇ ವೈರಸ್ ಇರಬಹುದು. ಒಣಗಿದ ಎಲೆಯಲ್ಲಿ ಅದು ವರ್ಷಗಟ್ಟಲೆ ಸಾಯದೆ ಉಳಿಯುತ್ತದೆ. ಹಾಲು ಸೋಕಿದರೆ ಗಿಡಕ್ಕೆ ಹತ್ತುವ ಅದರ ಶಕ್ತಿ ಕುಂದುತ್ತದೆ. ಹಾಗಾಗಿ ಬಾಗಿಲ ಮೇಲೆ ಮರಾಠಿಯಲ್ಲಿ ಬರೆದಿತ್ತು: ತಂಬಾಕು ಸೇವಿಸುವವರು ಹಾಲಿನಲ್ಲಿ ಕೈ ಅದ್ದಿಯೇ ಒಳಗೆ ಬರಬೇಕು.

ಆ ಬೋಗುಣಿಗಳನ್ನು ತುಂಬಿಸುತ್ತಿದ್ದವಳು ಮಲ್ಲವ್ವ. ಯಾದಗಿರಿ ಕಡೆಯವಳು, ನಲವತ್ತರ ಆಸುಪಾಸು. ಗಂಡ ಹಿಂಜವಾಡಿಯ ಕಟ್ಟಡಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕಿದ್ದ. ಇವಳು ನಮ್ಮಲ್ಲಿ ದಿನಗೂಲಿ. ಕುಂಡಕ್ಕೆ ಮಣ್ಣು ತುಂಬುವುದು, ನೀರು ಹಾಕುವುದು, ಸಸಿ ಎತ್ತಿ ನೆಡುವುದು ಅವಳ ಕೆಲಸ. ತಂಬಾಕು, ಸುಣ್ಣ ತಿಕ್ಕಿ ತುಟಿಯೊಳಗೆ ಇಟ್ಟುಕೊಳ್ಳುವ ಅಭ್ಯಾಸ ಅವಳಿಗಿತ್ತು, ಅದನ್ನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಬಂದ ಹೊಸದರಲ್ಲಿ ಆ ಹಾಲು ಕಂಡು ಅವಳಿಗೆ ಸಿಟ್ಟೇ ಬಂದಿತ್ತು. ಕೂಸುಗಳಿಗೆ ಚಾಕ್ಕ ಹಾಲಿಲ್ಲ, ಇಲ್ಲಿ ಕೈ ತೊಳಿಲಾಕ ಹಾಲೇನು ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಿದ್ದಳು. ನಾನು ಕಾರಣ ಹೇಳಿದ ಮೇಲೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ತಂಬಾಕಿನ ಚಂಚಿಯನ್ನು ಗೇಟಿನ ವಾಚ್‌ಮನ್ ಹತ್ತಿರ ಬಿಟ್ಟು, ಬಾಯಿ ಮುಕ್ಕಳಿಸಿ, ಮೊಣಕೈತನಕ ಸಾಬೂನು ಹಚ್ಚಿ, ಹಾಲಿನಲ್ಲಿ ಕೈ ಅದ್ದಿ ಐವತ್ತು ಎಣಿಸುತ್ತಿದ್ದಳು. ನಾವು, ಓದಿದವರು, ಸಾಬೂನಿನ ನೀರಿಗೆ ಬೆರಳ ತುದಿ ತಾಗಿಸಿ ಓಡುತ್ತಿದ್ದೆವು. ಹಾಲು ನಮಗಲ್ಲ, ಬೋರ್ಡಿನಲ್ಲಿ ಹಾಗೇ ಬರೆದಿದೆಯಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಎಲೆಗಳು ಚೆನ್ನಾಗಿ ತೇಪೆ ಹಿಡಿದವು. ಇನ್ನೂರು ಚಿಲ್ಲರೆ ಕುಂಡಗಳಲ್ಲಿ ನನ್ನ ಇಡೀ ವರ್ಷ ಇತ್ತು. ಎಲೆ ಕೊಯ್ದು, ಅರೆದು, ಸೋಸಿ, ಪರೀಕ್ಷೆಗೆ ಹಾಕಿದರೆ ವೈರಸ್ ಧಾರಾಳ ಸಿಕ್ಕಿತು, ಆದರೆ ನಾವು ಸೇರಿಸಿದ ಗುರುತಿನ ಚೂರೇ ಇರಲಿಲ್ಲ. ಮತ್ತೆ ಮಾಡಿದೆ. ಇರಲಿಲ್ಲ. ಬೇರೆ ಸಾಲಿನ ಎಲೆ ತಂದು ಮಾಡಿದೆ, ಅದರಲ್ಲೂ ಇಲ್ಲ. ಹೊರಗಿನಿಂದ ಸಾದಾ ತಂಬಾಕಿನ ವೈರಸ್ ನುಗ್ಗಿತ್ತು. ಅದು ಹಗುರ, ಹೊರೆ ಹೊತ್ತ ನಮ್ಮ ವೈರಸ್ಸಿಗಿಂತ ಬೇಗ ಬೆಳೆಯುತ್ತದೆ. ಸಾಲು ಸಾಲು ಗಿಡಗಳನ್ನು ಅದು ನುಂಗಿ ಕೂತಿತ್ತು. ಎಲ್ಲವನ್ನೂ ಕಿತ್ತು, ಬೇಯಿಸಿ, ಎಸೆಯದೆ ಗತಿಯಿರಲಿಲ್ಲ. ಗಣಪತಿ ಹಬ್ಬ ಕಳೆದ ಮೇಲೆ ದಿಲ್ಲಿಯಿಂದ ಕಮಿಟಿ ಬರುವುದಿತ್ತು, ಯೋಜನೆ ಮುಂದುವರಿಯಬೇಕೋ ಬೇಡವೋ ನಿರ್ಧರಿಸಲು.

ಯಾರ ಕೈಯಿಂದ ಬಂತು ಎಂದು ಯಾರೂ ಕೇಳಲೇ ಇಲ್ಲ. ಎಲ್ಲರಿಗೂ ಮೊದಲೇ ಗೊತ್ತಿದ್ದ ಹಾಗೆ ಇತ್ತು. ತಂಬಾಕು ತಿನ್ನುವವಳು ಒಬ್ಬಳೇ. ಮರುದಿನ ಬೆಳಿಗ್ಗೆ ಸರ್ ಅವಳನ್ನು ಕರೆದು, ಇನ್ನು ಬರಬೇಡ ಎಂದರು. ಮಲ್ಲವ್ವನ ಮರಾಠಿ ಅಷ್ಟಕ್ಕಷ್ಟೆ. ನಾನೇ ನಡುವೆ ನಿಂತು ಕನ್ನಡದಲ್ಲಿ ಹೇಳಬೇಕಾಯಿತು. ಕೇಳಿದಳು. "ನಾ ದಿನಾ ಹಾಲಾಗ ಕೈ ಅದ್ದೀನ್ರಿ ಅಕ್ಕಾರ. ಸಾಹೇಬರಿಗಿ ಹೇಳ್ರಿ" ಅಂದಳು. ಹೇಳಿದೆ. ಸರ್ ತಲೆ ಎತ್ತದೆ, ಹಾಗಂತ ಎಲ್ಲರೂ ಹೇಳುತ್ತಾರೆ ಅಂದರು. ಅದನ್ನೂ ಕನ್ನಡಕ್ಕೆ ಹೇಳು ಎಂಬಂತೆ ಅವಳು ನನ್ನ ಮುಖ ನೋಡಿದಳು. ನಾನು ಹೇಳಲಿಲ್ಲ.

ಮರುದಿನ ಅವಳು ಬಂದಳು. ಒಳಗೆ ಬಿಡಲಿಲ್ಲ, ಗೇಟಿನ ಹೊರಗೆ ಕೂತಳು. ಅದರ ಮರುದಿನವೂ ಬಂದಳು. ಮಳೆ ಬಂದರೆ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದು ಅಲ್ಲೇ ಕೂತಿರುತ್ತಿದ್ದಳು. ಕೆಲಸ ಇಲ್ಲದಿದ್ದರೂ ಯಾಕೆ ಬರುತ್ತೀ ಎಂದು ವಾಚ್‌ಮನ್ ಕೇಳಿದ್ದಕ್ಕೆ, ಬರದಿದ್ರ ತಪ್ಪ ಒಪ್ಪಿದಂಗ ಆಗ್ತದ ಅಂದಳಂತೆ. ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲೇ ನನ್ನದು ಮೂಗಿನ ತುದಿಯ ಸಿಟ್ಟು. ಲ್ಯಾಬಿನ ನನ್ನ ಜೊತೆಗಾರ ಪ್ರಕಾಶ, ತುಮಕೂರಿನವನು, ಸಮಾಧಾನಸ್ಥ. ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ, ನೀನು ಸರ್ ಎದುರು ಬಾಯಿ ಬಿಡಬೇಡ ಎಂದು ಅವನು ತಡೆದ. ಬಾಯಿ ಬಿಡದೆಯೇ ಮಾಡುವ ಒಂದು ದಾರಿ ನನಗೆ ಹೊಳೆಯಿತು.

ಕಾಡು ತಂಬಾಕಿನ ಒಂದು ಜಾತಿ ಇದೆ. ಅದರ ಎಲೆಗೆ ಈ ವೈರಸ್ ತಾಗಿದರೆ ಮೂರು ನಾಲ್ಕು ದಿನದಲ್ಲಿ ಅದು ತಾಗಿದಲ್ಲೆಲ್ಲ ಸಾಸಿವೆಕಾಳಿನಷ್ಟು ಕಂದು ಚುಕ್ಕೆ ಏಳುತ್ತದೆ. ಚುಕ್ಕೆ ಹೆಚ್ಚಿದ್ದರೆ ವೈರಸ್ ಹೆಚ್ಚು. ಹಸಿರುಮನೆಗೆ ಹೋಗುವವರೆಲ್ಲರ ಕೈ ತೊಳೆದ ನೀರನ್ನು ಹಿಡಿದು ಒಂದೊಂದು ಎಲೆಗೆ ಉಜ್ಜೋಣ, ಬೆಳಿಗ್ಗೆ ಗೇಟಿನಲ್ಲೇ, ಯಾವ ಗಿಡವನ್ನೂ ಮುಟ್ಟುವ ಮೊದಲೇ, ಎಂದು ಸರ್ ಮುಂದೆ ಹೇಳಿದೆ. ಮಲ್ಲವ್ವ ಮಾತ್ರ ದಿನದ ಹಾಗೆ ಸಾಬೂನು, ಹಾಲು ಎಲ್ಲ ಮುಗಿಸಿ ಕೊಡಲಿ, ಅವಳು ಒಳಗೆ ಬರುತ್ತಿದ್ದುದು ಹಾಗೆ. ನಾವು ಹೇಗೆ ಬರುತ್ತೇವೋ ಹಾಗೆ ಕೊಡೋಣ. ಸರ್ ಸಿಗರೇಟು ಸೇದುವವರಲ್ಲ. ನಗುತ್ತಲೇ ಒಪ್ಪಿದರು. ನನ್ನ ಹುನ್ನಾರ ಬೇರೆ ಇತ್ತು. ಲ್ಯಾಬಿನ ಇನ್ನೊಬ್ಬ ಹುಡುಗ ಕದ್ದು ಸಿಗರೇಟು ಸೇದುತ್ತಾನೆಂದು ನನಗೆ ಗೊತ್ತಿತ್ತು. ಅವನ ಎಲೆ ಮಾತಾಡುತ್ತದೆ, ಮಲ್ಲವ್ವ ಗೆಲ್ಲುತ್ತಾಳೆ ಎಂದುಕೊಂಡಿದ್ದೆ. ಏಳು ಜನ, ಏಳು ಸೀಸೆ, ಒಂದರಿಂದ ಏಳು ಅಂಕಿ. ಯಾವ ಅಂಕಿ ಯಾರದು ಎಂಬ ಚೀಟಿ ನನ್ನ ಪರ್ಸಿನಲ್ಲಿ ಮಾತ್ರ.

ನಾಲ್ಕನೇ ದಿನ ಎಲೆ ನೋಡಿದೆ. ಮಲ್ಲವ್ವನ ಎಲೆ ಶುದ್ಧ ಹಸಿರು. ಸಿಗರೇಟಿನ ಹುಡುಗನದರಲ್ಲಿ ಎರಡೇ ಎರಡು ಚುಕ್ಕೆ. ಆರನೇ ಅಂಕಿಯ ಎಲೆಯ ಮೇಲೆ ಮಾತ್ರ ಎಣಿಸಲಾಗದಷ್ಟು. ಚೀಟಿ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಆರು ನಾನು.

ಸುಳ್ಳು, ಏನೋ ತಪ್ಪಾಗಿದೆ, ಎಂದೇ ಮೊದಲು ಅನ್ನಿಸಿತು. ನಾನು ತಂಬಾಕು ಮುಟ್ಟುವವಳಲ್ಲ, ನಮ್ಮ ಮನೆಯಲ್ಲಿ ಎಲೆ ಅಡಿಕೆಗೂ ತಂಬಾಕು ಹಾಕುವವರಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುತ್ತ ಯಾರ ಕೈ ಕುಲುಕಿದೆ, ಎಲ್ಲಿ ಕಂಬಿ ಹಿಡಿದೆ ಎಂದೆಲ್ಲ ಯೋಚಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ನಾನು ಕಳ್ಳಿಯಾಗಿದ್ದೂ ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟು ಧಿಮಾಕು. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಗೂಡಿಗೆ ಕೈ ಹಾಕಿದಾಗ ಬೆರಳಿಗೆ ಸಿಕ್ಕ ಡಬ್ಬಿಯನ್ನು ತೆರೆಯದೆ ಹಾಗೇ ಹಿಡಿದು ನಿಂತೆ.

ಅದು ನಮ್ಮ ಆಯಿಯ, ಅಂದರೆ ಅಜ್ಜಿಯ, ಡಬ್ಬಿ. ನಶ್ಯ, ಪುಣೆಯವರು ತಪಕೀರು ಎನ್ನುತ್ತಾರೆ. ಹತ್ತು ಹನ್ನೊಂದು ವರ್ಷದವಳಿದ್ದಾಗ ನನಗೆ ಹಲ್ಲುನೋವು ಬಂದು ಒದ್ದಾಡುವಾಗ ಆಯಿ ತೋರುಬೆರಳಿಂದ ಒಂದು ಚಿಟಿಕೆ ತೆಗೆದು ವಸಡಿಗೆ ತಿಕ್ಕಿದ್ದಳು. ಹಲ್ಲು ಗಟ್ಟಿ ಆಗ್ತಾವ ಅಂದಿದ್ದಳು. ಅಂದಿನಿಂದ ದಿನಾ ಬೆಳಿಗ್ಗೆ, ಬ್ರಷ್ಷಿನ ಜೊತೆಗೆ ಅದೂ ಒಂದು. ಅದಿಲ್ಲದಿದ್ದರೆ ತಲೆ ಓಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಹಲ್ಲಿನ ಔಷಧ ಎನ್ನುತ್ತಿದ್ದರು. ತಂಬಾಕು ಎಂದರೆ ಗಂಡಸರು ತಿನ್ನುವುದು, ಕೂಲಿಯವರು ತಿನ್ನುವುದು. ತಂಬಾಕಿನ ವೈರಸ್ಸಿನ ಮೇಲೆ ಪ್ರಬಂಧ ಬರೆಯುತ್ತಿದ್ದ ನನಗೆ ಬೆರಳಿಗೆ ಅಂಟಿದ್ದು ತಂಬಾಕಿನ ಪುಡಿ ಎಂದು ಒಂದು ಸಲವೂ ಹೊಳೆದಿರಲಿಲ್ಲ. ಖಾತ್ರಿ ಮಾಡಿಕೊಳ್ಳಲು ಡಬ್ಬಿಯ ಪುಡಿಯನ್ನು ನೀರಲ್ಲಿ ಕದಡಿ ಎಲೆಗೆ ಉಜ್ಜಿದೆ. ಮತ್ತೆ ನಾಲ್ಕು ದಿನ ಕಾದೆ. ಎಲೆ ತುಂಬ ಚುಕ್ಕೆ.

ಆ ನಾಲ್ಕು ದಿನ ನಾನು ಒಳ್ಳೆಯವಳಾಗಿರಲಿಲ್ಲ. ಚೀಟಿ ನನ್ನ ಹತ್ತಿರವೇ ಇತ್ತು. ಮಲ್ಲವ್ವನ ಅಂಕಿ ಮೂರು. ಆರನ್ನು ಮೂರು ಮಾಡಿದರೆ, ಮೂರನ್ನು ಆರು ಮಾಡಿದರೆ, ಮುಗಿಯಿತು. ಹುಡುಗಿಯೊಬ್ಬಳು ನಶ್ಯ ತಿಕ್ಕುತ್ತಾಳೆ ಎಂದು ಗೊತ್ತಾದರೆ ಸಂಸ್ಥೆಯೆಲ್ಲ ಆಡಿಕೊಂಡು ನಗುತ್ತದೆ. ಫೆಲೋಶಿಪ್ ಮುಂದುವರಿಸುವ ಕಾಗದಕ್ಕೆ ಅದೇ ಕಮಿಟಿ ಸಹಿ ಹಾಕಬೇಕಿತ್ತು. ದಿನಾ ಗೇಟು ದಾಟುವಾಗ ಕೊಪ್ಪೆ ಹೊದ್ದು ಕೂತವಳ ಮುಖ ನೋಡದೆ ಒಳಗೆ ಹೋಗುತ್ತಿದ್ದೆ. ಅವಳು ಮಾತ್ರ ದಿನಾ, ಆರಾಮ್ರಿ ಅಕ್ಕಾರ, ಎಂದು ಕೇಳುತ್ತಿದ್ದಳು.

ಐದನೇ ದಿನ ಎಲೆಗಳನ್ನೂ ಚೀಟಿಯನ್ನೂ ಸರ್ ಮೇಜಿನ ಮೇಲೆ ಇಟ್ಟೆ. ಜೊತೆಗೆ ನಶ್ಯದ ಡಬ್ಬಿ. ಮರಾಠಿಯಲ್ಲಿ ಎಲ್ಲ ಹೇಳಿದೆ. ಅವರು ಎದ್ದು ಬಾಗಿಲು ಹಾಕಿದರು. ಬಹಳ ಹೊತ್ತು ಎಲೆಗಳನ್ನೇ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, ಇದು ಈ ಕೋಣೆ ದಾಟುವುದು ಬೇಡ ಎಂದರು. ಕಮಿಟಿಗೆ ಒಂದು ಕಾರಣ ಬೇಕು. ಕೂಲಿ ಹೆಂಗಸಿನ ತಂಬಾಕು ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಪಿಎಚ್.ಡಿ. ವಿದ್ಯಾರ್ಥಿಯ ಹಲ್ಲುಪುಡಿ ಎಂದರೆ ಯೋಜನೆಯೇ ನಗೆಪಾಟಲು. ಅವಳಿಗೆ ಬಾರಾಮತಿ ಕಡೆಯ ಒಂದು ಡೈರಿಯಲ್ಲಿ ಕೆಲಸಕ್ಕೆ ಹೇಳುತ್ತೇನೆ, ಇದಕ್ಕಿಂತ ಕೂಲಿ ಹೆಚ್ಚೇ ಸಿಗುತ್ತದೆ, ಅವಳಿಗೇನೂ ನಷ್ಟವಿಲ್ಲ ಎಂದರು. ಅವರು ಕೆಟ್ಟವರಲ್ಲ. ನಾಲ್ಕು ವರ್ಷ ಅಲೆದು ತಂದ ಕೆಲಸ ಕೈಬಿಟ್ಟು ಹೋಗುತ್ತದೆಂಬ ಹೆದರಿಕೆ ಅದು. ಆದರೆ ಆ ಕೊನೆಯ ಮಾತು, ಅವಳಿಗೇನೂ ನಷ್ಟವಿಲ್ಲ ಎಂಬುದು, ನನಗೆ ತಡೆಯಲಾಗಲಿಲ್ಲ.

"ಮಾಡದ ತಪ್ಪು ತಲೆ ಮೇಲೆ ಹೊತ್ತುಕೊಂಡು ಹೋಗುವುದು ನಷ್ಟ ಅಲ್ಲವೇ ಸರ್?" ಎಂದೆ. "ವರದಿಯಲ್ಲಿ ನನ್ನ ಹೆಸರು ಬರೆಯಿರಿ. ಬರೆಯದಿದ್ದರೆ ಕಮಿಟಿ ಮುಂದೆ ನಾನೇ ನಿಂತು ಹಲ್ಲು ತೋರಿಸುತ್ತೇನೆ."

ಧ್ವನಿ ಹೊರಗಿನ ತನಕ ಹೋಗಿತ್ತು. ಬಾಗಿಲು ತೆಗೆದರೆ ಪ್ರಕಾಶ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದ. ನಾನು ಅಲ್ಲಿಂದ ನೇರ ಹಸಿರುಮನೆಗೆ ಹೋಗಿ ಬೋರ್ಡಿನ ಕೆಳಗೆ ದೊಡ್ಡದಾಗಿ ಮರಾಠಿಯಲ್ಲೂ ಕನ್ನಡದಲ್ಲೂ ಬರೆದೆ: ತಪಕೀರೂ ತಂಬಾಕೇ. ಯಾರೇ ಆಗಲಿ ಹಾಲಿನಲ್ಲಿ ಕೈ ಅದ್ದದೆ ಒಳಗೆ ಬರಬಾರದು. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ, ಓದಿದವರಿಗೆ ಅನುಮಾನ ಉಳಿಯಬಾರದೆಂದು. ಸಂಜೆಯೊಳಗೆ ಕ್ಯಾಂಟೀನಿನಲ್ಲಿ ನನಗೆ ತಪಕೀರಬಾಯಿ ಎಂದು ಹೆಸರು ಬಿತ್ತು. ಕರೆಯಲಿ ಎಂದೆ. ಎರಡು ವರ್ಷ ಹಾಗೇ ಕರೆದರು.

ಕಮಿಟಿ ಬಂದ ದಿನ ಸರ್ ವರದಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದಿದ್ದರು. ಯಾಕೆ ಮನಸ್ಸು ಬದಲಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಕಮಿಟಿಯ ಒಬ್ಬ ಹಿರಿಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ತಂಬಾಕಿನಿಂದ ಕ್ಯಾನ್ಸರ್ ವಾಸಿ ಮಾಡಹೊರಟವರು ಮೊದಲು ತಾವು ತಂಬಾಕು ಬಿಡಬೇಕಿತ್ತು ಎಂದು ನಕ್ಕರು. ಬಿಟ್ಟು ಹದಿಮೂರು ದಿನವಾಯಿತು, ತಲೆ ಸಿಡಿಯುತ್ತಿದೆ, ಆದರೂ ಮುಂದಿನ ಬೆಳೆಗೆ ಬೀಜ ಹಾಕಿದ್ದೇನೆ, ಬೇಕಾದರೆ ಬಂದು ನೋಡಿ ಎಂದೆ. ಯೋಜನೆ ಉಳಿಯಿತು. ನನ್ನ ಫೆಲೋಶಿಪ್ಪಿನ ಒಂದು ವರ್ಷ ಹೋಯಿತು. ಆ ವರ್ಷ ಬೆಳಿಗ್ಗೆ ಟ್ಯೂಷನ್ ಹೇಳಿ, ಹಗಲು ಗಿಡ ನೋಡಿಕೊಂಡೆ. ಆ ಮುಂದಿನ ಬೆಳೆಯ ಎಲೆಗಳಲ್ಲಿ ನಮ್ಮ ಗುರುತಿನ ಚೂರು ಗಟ್ಟಿಯಾಗಿ ಕೂತಿತ್ತು. ಚುಚ್ಚಿದ ಇಲಿಗಳಲ್ಲಿ ಕೆಲವುಗಳ ಗಡ್ಡೆ ಬೆಳೆಯುವುದು ನಿಧಾನವಾಯಿತು, ಕೆಲವುಗಳದು ಆಗಲಿಲ್ಲ. ಯಾಕೆ ಹಾಗೆ ಎಂಬುದರ ಉತ್ತರ ಇವತ್ತಿಗೂ ಬೇರೆ ಬೇರೆ ಗಿಡ, ಬೇರೆ ಬೇರೆ ವೈರಸ್ ಹಿಡಿದು ಜನ ಹುಡುಕುತ್ತಲೇ ಇದ್ದಾರೆ. ನಗುವವರು ನಗುತ್ತಲೇ ಇದ್ದಾರೆ.

ಆದರೆ ನಾನು ಹೇಳಬೇಕೆಂದಿದ್ದು ಅದಲ್ಲ. ಕಮಿಟಿ ಬರುವ ಮೊದಲೇ, ನಾನು ಬೋರ್ಡು ಬರೆದ ಮರುದಿನ, ಸರ್ ಮಲ್ಲವ್ವನನ್ನು ಒಳಗೆ ಕರೆಸಿ ಕೆಲಸಕ್ಕೆ ಬಾ ಎಂದರು. ಇದೆಲ್ಲ ಹೇಗಾಯಿತೆಂದು ಹೇಳಲು ನಾನು ಅವಳ ಹತ್ತಿರ ಓಡಿದೆ. ಅವಳು ಕುಂಡಗಳಿಗೆ ಹೊಸ ಮಣ್ಣು ಜರಡಿ ಹಿಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕೈ ತೊಳೆದ ನೀರು, ಏಳು ಎಲೆ, ಅವಳ ಎಲೆಯಲ್ಲಿ ಒಂದೂ ಚುಕ್ಕೆ ಇಲ್ಲದ್ದು, ನನ್ನ ಎಲೆ, ಡಬ್ಬಿ, ಸರ್ ಕೋಣೆಯಲ್ಲಿ ನಾನು ಆಡಿದ ಮಾತು, ಒಂದೂ ಬಿಡದೆ ಹೇಳಿದೆ. ತಪ್ಪೊಪ್ಪಿಗೆ ಎಂದು ಶುರುಮಾಡಿದ್ದು ಮುಗಿಯುವ ಹೊತ್ತಿಗೆ ನನ್ನ ಶೌರ್ಯದ ವರ್ಣನೆಯಾಗಿತ್ತು. ಅವಳಿಗಾಗಿ ನಾನು ಎಷ್ಟು ಕಳೆದುಕೊಳ್ಳುತ್ತೇನೆ ಎಂಬುದು ಅವಳಿಗೆ ತಿಳಿಯಲಿ ಎಂಬ ಆಸೆ ಇತ್ತು, ಇರಲಿಲ್ಲ ಎನ್ನಲಾರೆ. ಅವಳು ಕಣ್ಣೀರು ಹಾಕಬಹುದು, ಕೈ ಹಿಡಿಯಬಹುದು ಎಂದುಕೊಂಡಿದ್ದೆ.

ಮಲ್ಲವ್ವ ಜರಡಿ ಆಡಿಸುವುದು ನಿಲ್ಲಿಸಲಿಲ್ಲ.

"ಕೈ ಅದ್ದೀನಿ ಅಂತ ನಾ ಮೊದಲನೇ ದಿನಾನೇ ಹೇಳಿದ್ದೆನಲ್ರಿ ಅಕ್ಕಾರ" ಅಂದಳು. "ನೀವು ದಿನಾ ಕಣ್ಣಾರೆ ನೋಡೀರಿ. ಆದ್ರೂ ಹೋಗಿ ಎಲಿನ್ನ ಕೇಳಿದ್ರಿ."

ಬೈಗುಳದ ದನಿ ಇರಲಿಲ್ಲ. ಹೌದು, ನೋಡಿದ್ದೆ. ಐವತ್ತು ಎಣಿಸುವುದನ್ನೂ ಕೇಳಿದ್ದೆ. ಸರ್ ಮುಂದೆ ನಿಂತು ಅವಳ ಮಾತನ್ನು ಮರಾಠಿಗೆ ಹೇಳಿದೆನೇ ಹೊರತು, ನಾನೂ ನೋಡಿದ್ದೇನೆ ಸರ್ ಎಂಬ ಮೂರು ಶಬ್ದ ಆ ದಿನ ನನ್ನ ಬಾಯಿಂದ ಬರಲಿಲ್ಲ. ಅಷ್ಟು ಹೇಳಿದ್ದರೆ ಅವಳು ಅಷ್ಟೊಂದು ದಿನ ಮಳೆಯಲ್ಲಿ ಕೂರಬೇಕಿರಲಿಲ್ಲ. ಅದನ್ನು ಹೇಳಲು ಯಾವ ಧೈರ್ಯವೂ ಬೇಕಾಗಿರಲಿಲ್ಲ.